ಅಂತರಜಾಲದ ವ್ಯಾಪಾರದಲ್ಲಿ ನಷ್ಟದ ಹೊಣೆ

ಅಂಗಡಿಯನ್ನೂ ವರ್ತಕನನ್ನೂ ಕಾಣದೆ ಸರಕು ಕೊಳ್ಳುವ ರೂಢಿ ಇಂದು ಮನೆಮನೆಗೂ ಬಂದಿದೆ. ಇದರಲ್ಲಿ ನಡೆಯುವ ವಂಚನೆಗೆ ಶಿಕ್ಷೆಯಿಲ್ಲವೆಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಸಿ ಮತ್ತು 66ಡಿ ಕಲಮುಗಳು, ಪರರ ಗುಪ್ತಸಂಕೇತವನ್ನು ವಂಚನೆಯಿಂದ ಬಳಸಿದವನಿಗೂ ಗಣಕದ ಮೂಲಕ ಮತ್ತೊಬ್ಬನ ಸೋಗು ಹಾಕಿ ಮೋಸಗೈದವನಿಗೂ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತವೆ. ಆದರೆ ಕಳ್ಳನು ಸಿಕ್ಕಿದರೆ ತಾನೆ ಶಿಕ್ಷೆ? ಹಣ ಕಳೆದುಕೊಂಡವನ ಪ್ರಶ್ನೆ ಬೇರೆ: ಈ ನಷ್ಟ ಯಾರದು?

ಪ್ರಶ್ನೆ ಹಳೆಯದೇ. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ನಂಬಿ ಇಟ್ಟ ಒಡವೆಯನ್ನು ಅರಸನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನು ಅದನ್ನು ತೆರಬೇಕಾಗಿಲ್ಲವೆಂದಿದೆ. ಬ್ಯಾಂಕಿಗೆ ಈ ಅನುಕೂಲವಿಲ್ಲ. ಖಾತೆಗೆ ಕಟ್ಟಿದ ಹಣ ಬ್ಯಾಂಕಿನ ಸ್ವತ್ತಾಗುತ್ತದೆ. ಬ್ಯಾಂಕು ಗಿರಾಕಿಯ ಸಾಲಗಾರ. 1848ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆ ಫೋಲಿ–ಹಿಲ್ ಮೊಕದ್ದಮೆಯಲ್ಲಿ ಸ್ಥಾಪಿಸಿದ ಈ ತತ್ತ್ವವೇ ನಮ್ಮಲ್ಲಿಯೂ ನಡೆದುಬಂದಿದೆ. ಗಿರಾಕಿಯ ಅಪ್ಪಣೆಯಿಲ್ಲದೆ ಹೊರಟುಹೋದ ಹಣದಿಂದ ಸಾಲ ತೀರದು.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ನ್ಯಾಯಕ್ಕೆ ಲೆಕ್ಕದ ರೂಪವನ್ನು ಕೊಟ್ಟಿತು. ತಪ್ಪು ಬ್ಯಾಂಕಿನದಾದರೆ ಗಿರಾಕಿಗೆ ನಷ್ಟವಿಲ್ಲ. ತಪ್ಪು ಇಬ್ಬರದೂ ಅಲ್ಲದೆ ಬೇರೆಲ್ಲಿಯೋ ಇದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರಿತ್ತವನಿಗೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆದಾರನ ಹೊಣೆ ಒಂದು ವ್ಯವಹಾರಕ್ಕೆ 10,000 ರೂಪಾಯಿ ಮೀರದು. ಒಟಿಪಿ ಮೊದಲಾದ ಗುಪ್ತಸಂಖ್ಯೆಗಳನ್ನು ತಾನೇ ಪರರಿಗೆ ಹೇಳಿದವನು ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಪೂರ್ತಿಯಾಗಿ ಹೊರಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು: ಗಿರಾಕಿಯ ಹೊಣೆಯನ್ನು ರುಜುವಾತುಪಡಿಸುವ ಭಾರವನ್ನು ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿತು. ಬ್ಯಾಂಕಿನವರಿಗೆ ಇದು ಕಹಿಯೆನಿಸಬಹುದು. ಆದರೆ ದಾಖಲೆಗಳೆಲ್ಲ ಬ್ಯಾಂಕಿನ ಗಣಕದಲ್ಲಿರುವಾಗ ಬರಿಗೈಯ ಗಿರಾಕಿಯಿಂದ ಪುರಾವೆ ಕೇಳುವುದು ನ್ಯಾಯವಲ್ಲ.

ಈ ನಿಯಮದ ಬೆಲೆ ಅಸ್ಸಾಮಿನ ಒಂದು ವ್ಯಾಜ್ಯದಿಂದ ತಿಳಿದುಬಂದಿತು. 2021ರ ಅಕ್ಟೋಬರಿನಲ್ಲಿ, ಅಂತರಜಾಲದಲ್ಲಿ ಕೊಂಡ ಉಡುಪನ್ನು ಹಿಂದಿರುಗಿಸಲೆಳಸಿದ ಗಿರಾಕಿಯೊಬ್ಬನಿಗೆ ಅಂಗಡಿಯವರ ಸೋಗಿನಲ್ಲಿ ಫೋನು ಬಂದಿತು. ಅವರು ಹೇಳಿದಂತೆ ಆತನು ಆ್ಯಪ್ ಒಂದನ್ನು ಇಳಿಸಿಕೊಂಡನು. ಸ್ಟೇಟ್ ಬ್ಯಾಂಕಿನಲ್ಲಿದ್ದ ಖಾತೆಯಿಂದ 94,204 ರೂಪಾಯಿ 80 ಪೈಸೆ ಹೋಯಿತು. ಗುಪ್ತಸಂಖ್ಯೆಯನ್ನು ಆತನೇ ಬಿಟ್ಟುಕೊಟ್ಟನೆಂದು ಬ್ಯಾಂಕು ವಾದಿಸಿತು, ರುಜುವಾತು ಮಾಡಲಾಗಲಿಲ್ಲ. ಆತನಾದರೋ ಒಂದು ದಿನದೊಳಗೆ ದೂರಿತ್ತಿದ್ದನು. ಗೌಹಾಟಿ ಉಚ್ಚ ನ್ಯಾಯಾಲಯ ಗಿರಾಕಿಯ ಪರವಾಗಿ ತೀರ್ಪಿತ್ತಿತು. 2025ರ ಜನವರಿ 3ರಂದು ಸರ್ವೋಚ್ಚ ನ್ಯಾಯಾಲಯ ಬ್ಯಾಂಕಿನ ಮನವಿಯನ್ನು ತಳ್ಳಿಹಾಕಿತು. ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ಗಿರಾಕಿಗಳನ್ನು ಎಚ್ಚರಿಸುವುದನ್ನೂ ಅದು ಮರೆಯಲಿಲ್ಲ.

ವಂಚನೆ ತಿಳಿದೊಡನೆ 1930ಕ್ಕೆ ಫೋನು ಮಾಡಿದರೆ ಹಣ ಕೈಯಿಂದ ಕೈಗೆ ದಾಟುವುದನ್ನು ತಡೆಯುವ ಅವಕಾಶವುಂಟು. ಆದರೆ ಅದು ಪೊಲೀಸರ ದಾರಿ. ದಿನಗಳ ಎಣಿಕೆ ನಿಲ್ಲುವುದು ಬ್ಯಾಂಕಿಗೆ ನೇರವಾಗಿ ತಿಳಿಸಿದಾಗ. ಆ ಗಳಿಗೆಯನ್ನು ಬ್ಯಾಂಕು ದಾಖಲಿಸಬೇಕೆಂದೂ ದೂರಿನ ಸಂಖ್ಯೆಯನ್ನು ಗಿರಾಕಿಗೆ ಕೊಡಬೇಕೆಂದೂ 2017ರ ಸುತ್ತೋಲೆಯೇ ಕಟ್ಟಳೆ ಮಾಡಿತು.