ಮೋಟಾರಿನ ಮೈಮೇಲಣ ತುಕ್ಕಿನ ಚುಕ್ಕೆಗಳು

ಬಿಳಿಯ ಮೋಟಾರುಗಾಡಿಯನ್ನು ಕೊಂಡ ಗೃಹಸ್ಥರು ಕೆಲವೇ ತಿಂಗಳಲ್ಲಿ ಅದರ ಮೈಮೇಲೆ ಸಾಸಿವೆಗಿಂತಲೂ ಸಣ್ಣದಾದ ಕಾವಿಬಣ್ಣದ ಚುಕ್ಕೆಗಳನ್ನು ಕಂಡು ಎದೆಗುಂದುವುದುಂಟು. ಹೊಸ ಗಾಡಿಗೆ ಆಗಲೇ ತುಕ್ಕು ಹತ್ತಿತಲ್ಲಾ ಎಂದು ಮಾರಿದವನನ್ನು ಬಯ್ಯುವರು. ಇಲ್ಲವೆ ಮರಳಿ ಬಣ್ಣ ಬಳಿಸಲು ಸಾವಿರಾರು ರೂಪಾಯಿ ತೆರುವರು. ಬಹುಮಟ್ಟಿಗೆ ಎರಡೂ ಅನಾವಶ್ಯಕ. ತುಕ್ಕು ಹಿಡಿದಿರುವುದು ಗಾಡಿಯ ತಗಡಿಗಲ್ಲ. ಹೊರಗಿನಿಂದ ಹಾರಿಬಂದು ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಹುಡಿಗೆ.

ಈ ಹುಡಿ ಎಲ್ಲಿಯದು? ರೈಲಿನ ಗಾಲಿಯೂ ಹಳಿಯೂ ಒಂದನ್ನೊಂದು ಉಜ್ಜುವಾಗ, ಕಮ್ಮಾರಸಾಲೆಯಲ್ಲಿ ಕಬ್ಬಿಣಕ್ಕೆ ಸಾಣೆ ಹಿಡಿಯುವಾಗ ಕಿಡಿಗಳೇಳುವುವಷ್ಟೆ. ಅವು ಕಾದ ಲೋಹದ ಕಣಗಳೇ. ಹಳಿಯ ಬಳಿ ನಿಲ್ಲುವ ಮತ್ತು ರೈಲಿನಲ್ಲಿ ಸಾಗಿಬರುವ ಗಾಡಿಗಳಿಗೆ ಈ ಪೀಡೆ ಹೆಚ್ಚು. ಅಮೆರಿಕದವರು ಇದನ್ನು ‘ರೈಲಿನ ಧೂಳು’ ಎಂದೇ ಕರೆಯುವರು. ಹಳಿಯಿಂದ ದೂರವಿದ್ದವರಿಗೂ ಪೂರ್ತಿ ನೆಮ್ಮದಿಯಿಲ್ಲ: ಗಾಡಿಯ ಸ್ವಂತ ಬ್ರೇಕಿನ ಎರಕದ ಕಬ್ಬಿಣದ ತಟ್ಟೆಯೇ ಸವೆದು ಹುಡಿಯುದುರಿಸುವುದು. ಕಪ್ಪು ಗಾಡಿಯಲ್ಲಿ ಚುಕ್ಕೆ ಕಣ್ಣಿಗೆ ಬೀಳದು. ಚೆನ್ನಾಗಿ ತೊಳೆದು, ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ ಮರಳಿನಂತೆ ಒರಟಾಗಿ ತಗಲುವುದು.

ಇಲ್ಲಿ ಅವಸರಪಟ್ಟು ತಿಕ್ಕುವುದೇ ಕೇಡು. ಬಣ್ಣದ ಮೇಲಣ ಪಾರದರ್ಶಕ ಲೇಪವು ತಲೆಗೂದಲಿಗಿಂತಲೂ ತೆಳುವಾದುದು, ಸುಮಾರು 40–50 ಮೈಕ್ರಾನ್ ಮಾತ್ರ. ಪಾತ್ರೆ ಬೆಳಗುವ ಉಕ್ಕಿನ ನಾರು ಅದನ್ನು ಗೀರುವುದಲ್ಲದೆ ತನ್ನ ಚೂರುಗಳನ್ನೂ ಅಲ್ಲಿ ಬಿಟ್ಟುಹೋಗುವುದು! ಹಿತ್ತಾಳೆಗೆ ಹುಣಿಸೆಹಣ್ಣು ಒಗ್ಗೀತು, ಮೋಟಾರಿಗೆ ಬೇಡ.

ಕಬ್ಬಿಣವನ್ನು ಕರಗಿಸಿ ತೆಗೆಯುವುದೇ ಕ್ರಮ. ಇದಕ್ಕೆಂದು ‘ಐರನ್ ರಿಮೂವರ್’ ಎಂಬ ದ್ರವವು ಅಂಗಡಿಗಳಲ್ಲಿ ದೊರೆಯುವುದು. ಇಂಥವುಗಳಲ್ಲಿ ಹಲವಕ್ಕೆ ಥಯೋಗ್ಲೈಕೊಲೇಟ್ ಎಂಬ ಲವಣವೇ ಆಧಾರ. ಕೂದಲನ್ನು ಗುಂಗುರುಮಾಡುವ ಔಷಧದಲ್ಲಿಯೂ ಇದೇ ಇರುವುದರಿಂದ ಗಂಧಕದ ದುರ್ವಾಸನೆ ತಪ್ಪದು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಸಿಂಪಡಿಸಬೇಕು. ಕೈಗವಸು ಬೇಕೇಬೇಕು, ಗಾಳಿಯಾಡುವ ಸ್ಥಳವಿರಬೇಕು, ಮಕ್ಕಳು ದೂರವಿರಬೇಕು. ಬೇರೆ ಯಾವ ದ್ರಾವಕವನ್ನೂ ಅದಕ್ಕೆ ಬೆರಸಕೂಡದು. ಕಬ್ಬಿಣವಿದ್ದೆಡೆಯಲ್ಲೆಲ್ಲ ನೇರಿಳೆಹಣ್ಣಿನ ರಸದಂತಹ ಬಣ್ಣ ಸೋರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಮದ್ದು ನಾಟಿತೆಂಬುದಕ್ಕೆ ಅದೇ ಗುರುತು. ಶೀಸೆಯ ಮೇಲೆ ಹೇಳಿದಷ್ಟು ನಿಮಿಷವಾದೊಡನೆ, ಒಣಗಗೊಡದೆ, ಧಾರಾಳವಾದ ನೀರಿನಿಂದ ತೊಳೆಯತಕ್ಕದ್ದು. ಕಣ ಉಳಿದಿದ್ದರೆ ಮತ್ತೊಮ್ಮೆ ಸಿಂಪಡಿಸಬಹುದು.

ಇಷ್ಟಕ್ಕೂ ಜಗ್ಗದ ಕಣಗಳಿಗೆ ಜಪಾನಿನಲ್ಲಿ ಹುಟ್ಟಿದ ಮೆತ್ತನೆಯ ಕೃತಕ ಜೇಡಿಯುಂಟು. ಸಾಬೂನುನೀರನ್ನು ಧಾರಾಳವಾಗಿ ಚಿಮುಕಿಸಿ, ಒತ್ತದೆ, ಒಂದೇ ನೇರದಲ್ಲಿ ಜಾರಿಸಬೇಕು. ಆಗಾಗ ಅದನ್ನು ಮಡಿಸಿ ಹೊಸ ಮುಖವನ್ನು ಹೊರತರಬೇಕು. ನೆಲಕ್ಕೆ ಬಿದ್ದ ಜೇಡಿಯನ್ನು ಲೋಭಪಡದೆ ಎಸೆಯುವುದು ಮೇಲು, ಹತ್ತಿದ ಮರಳು ಗೀರದೆ ಬಿಡದು. ಕೊನೆಗೆ ಮೇಣ ಬಳಿದರೆ ಮುಂದಿನ ಹುಡಿ ಅಷ್ಟು ಸುಲಭವಾಗಿ ಹತ್ತಲಾರದು.

ಬಣ್ಣವು ಬೊಬ್ಬೆಯೆದ್ದಿದ್ದರೆ, ಕಲ್ಲು ಸಿಡಿದು ತಗಡೇ ಕಾಣುತ್ತಿದ್ದರೆ ಮಾತು ಬೇರೆ. ಅದು ಗಾಡಿಯದೇ ತುಕ್ಕು. ಈ ಮದ್ದಿನಿಂದ ಗುಣವಾಗದು, ತಡಮಾಡದೆ ಕುಶಲನಾದ ಕೆಲಸಗಾರನಿಗೆ ತೋರಿಸಬೇಕು.