ಕಲ್ಲಿಗೆ ಕಾವಲುಂಟು, ಟಾಕೀಸಿಗೆ?

ಹೊಸಪೇಟೆಯಿಂದ ಹಂಪಿಗೆ ಹೆಚ್ಚೂಕಡಿಮೆ 13 ಕಿಲೋಮೀಟರ್. ಅಲ್ಲಿ ಒಂದು ಕಲ್ಲು ಅಲುಗಾಡಿಸಿದ್ರೆ ಕೇಸು. ಇಲ್ಲಿ ಪೇಟೆಯೊಳಗೆ ಇಡೀ ಟಾಕೀಸಿಗೆ ಜೆಸಿಬಿ ನುಗ್ಗಿಸಿದ್ರೂ ಯಾರೂ ಕೇಳಲ್ಲ. ಯಾಕೆ?

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಕನ್ನಡ ಸಿನಿಮಾ ಮಾತಾಡೋಕೆ ಶುರುಮಾಡಿಯೇ ಇನ್ನೂ ನೂರಾಗಿಲ್ಲ ಸ್ವಾಮಿ! ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡಿತು. ಆ ಪ್ಯಾರಾಮೌಂಟೇ ಇವತ್ತಿಲ್ಲ. ರಾಜಧಾನಿಯ ಕಥೆಯೇ ಹೀಗಾದ್ರೆ ಕಂಪ್ಲಿ, ಸಂಡೂರಿನಂಥ ಊರುಗಳ ಪಾಡೇನು?

ಇಂಜಿನಿಯರಿಂಗ್ ಓದಿದ ತಪ್ಪಿಗೆ ನಾನು ಟಾಕೀಸನ್ನ ಕಟ್ಟಡವಾಗಿಯೂ ನೋಡ್ತೀನಿ. ಪರದೆಗೆ ಅಡ್ಡ ಬರಬಾರದು ಅಂತ ನಡುವೆ ಕಂಬ ಇಲ್ಲ. ಚಾವಣಿಯ ಭಾರವನ್ನೆಲ್ಲ ಕಬ್ಬಿಣದ ತೊಲೆಗಳ ಮೂಲಕ ಪಕ್ಕದ ಗೋಡೆಗಳು ಹೊರುತ್ತವೆ. ಗಾಂಧಿ ಕ್ಲಾಸಿನಿಂದ ಹಿಂದಕ್ಕೆ ಹೋದಂತೆ ನೆಲ ಏರುತ್ತೆ. ಪ್ರೊಜೆಕ್ಟರ್ ರೂಮಿಗೆ ಮಾತ್ರ ದಪ್ಪ ಗೋಡೆ, ಪುಟ್ಟ ಕಿಂಡಿ. ಹಳೇ ಕಾಲದ ನೈಟ್ರೇಟ್ ಫಿಲ್ಮು ಬೆಂಕಿ ಹತ್ತಿದ್ರೆ ಆರುತ್ತಲೇ ಇರಲಿಲ್ಲ, ಅದರ ಭಯ ಅಷ್ಟಿತ್ತು. ಸಾವಿರ ಅಡಿಯ ಒಂದು ರೀಲು ಓಡೋದು 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಅಂದ್ರೆ 14 ರೀಲು, ಅದನ್ನ ಹೊತ್ತು ಬರುವ ಡಬ್ಬಿ, ಆ ಡಬ್ಬಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹುಡುಗ. ಡಿಜಿಟಲ್ ಬಂದಮೇಲೆ ಡಬ್ಬಿಯೂ ಹೋಯ್ತು, ಹುಡುಗನ ಕೆಲಸವೂ ಹೋಯ್ತು.

ಕಂಬವಿಲ್ಲದ ಹಾಲು ಖಾಲಿ ಬಿದ್ದ ತಕ್ಷಣ ಬರೋದು ಗೋಡೌನು, ಇಲ್ಲವೇ ಕಲ್ಯಾಣ ಮಂಟಪ. ನಾನು ಮೊದಲ ಸಿನಿಮಾ ನೋಡಿದ ಟಾಕೀಸಿನಲ್ಲಿ ಈಗ ಭತ್ತದ ಮೂಟೆಗಳಿವೆ. ನೆಲದ ಇಳಿಜಾರು ಹಾಗೇ ಇರೋದ್ರಿಂದ ಬಾಲ್ಕನಿ ಕಡೆಯ ಮೂಟೆಗಳೇ ಇವತ್ತಿಗೂ ಎತ್ತರದಲ್ಲಿ ಕೂತಿವೆ. ನಗಬೇಡಿ, ಗೋಡೌನು ಆಗಿದ್ದಕ್ಕೇ ಆ ಕಟ್ಟಡ ಉಳಿದಿದೆ. ಬಾಡಿಗೆ ಬರುವವರೆಗೆ ಮಾಲೀಕ ಕೆಡವಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1919ರ ಥಿಯೇಟರೊಂದು ಸಿನಿಮಾ ಮಂದಿರವಾಗಿ, 2000ದಲ್ಲಿ ಪುಸ್ತಕದಂಗಡಿಯಾಯ್ತು. ಬೆಂಗಳೂರಿನ ಹಳೇ ಒಪೆರಾ ಹೌಸನ್ನು 2018ರಲ್ಲಿ ಸ್ಯಾಮ್‌ಸಂಗ್ ಕಂಪನಿ ದುರಸ್ತಿ ಮಾಡಿ ಶೋರೂಮ್ ಮಾಡಿತು. ಆದ್ರೆ ಕಂಪ್ಲಿಗೆ ಯಾವ ಸ್ಯಾಮ್‌ಸಂಗ್ ಬರುತ್ತೆ ಹೇಳಿ?

ಹಾಗಂತ ಕಟ್ಟಡ ಉಳಿಸಿ ಬೀಗ ಜಡಿದ್ರೂ ಆಗಲ್ಲ. ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಜನ ಬದುಕ್ತಿದ್ರು, ಇಡ್ಲಿ ಬೇಯ್ತಿತ್ತು. 2011ರ ಜುಲೈನಲ್ಲಿ ಅವರನ್ನ ಎಬ್ಬಿಸಿದ್ರು. ಸ್ಮಾರಕಕ್ಕೆ ಧಕ್ಕೆಯಾಗ್ತಿತ್ತು ಅನ್ನೋದು ಸುಳ್ಳಲ್ಲ. ಆದ್ರೂ ಈಗ ಸಂಜೆ ಅಲ್ಲಿ ನಿಂತ್ರೆ ಕಲ್ಲಿದೆ, ಬಜಾರಿಲ್ಲ.

ಟಾಕೀಸಿಗೆ ಆ ಕಷ್ಟವಿಲ್ಲ. ಶನಿವಾರ-ಭಾನುವಾರ ಸಿನಿಮಾ, ಜಾತ್ರೆ ಹೊತ್ತಿಗೆ ಕಂಪನಿ ನಾಟಕ, ಉಳಿದ ದಿನ ಮದುವೆಯೋ ಕೋಚಿಂಗ್ ಕ್ಲಾಸೋ ನಡೀಲಿ. ಇದರ ಹೊರೆಯನ್ನ ಮಾಲೀಕನೊಬ್ಬನ ತಲೆಗೇ ಕಟ್ಟಬಾರದು. ಊರಿಗೆ ಬೇಕಾದ ಹಾಲಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡೋದು ದಾನವೇನಲ್ಲ. ಅದೂ ಆಗದೆ ಕೆಡವಲೇಬೇಕು ಅಂದ್ರೆ, ಜೆಸಿಬಿ ಬರೋ ಮುಂಚೆ ಒಂದು ಅಳತೆ ನಕ್ಷೆ, ನೂರು ಫೋಟೋ, ಹಳೇ ಆಪರೇಟರ್ ಜೊತೆ ಒಂದು ಗಂಟೆಯ ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ. ಊರಿನ ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರಿಗೆ ಅದು ಎರಡು ದಿನದ ಕೆಲಸ.