ಘಟ್ಟದ ಕೆಳಗಿನ ನ್ಯಾಯಮೂರ್ತಿ

ಕಳಸದಿಂದ ಕುದುರೆಮುಖ ದಾಟಿ, ಎಸ್.ಕೆ. ಬಾರ್ಡರ್‌ನಲ್ಲಿ ಘಟ್ಟ ಇಳಿದರೆ ಮಾಳ, ಬಜಗೋಳಿ, ಆಮೇಲೆ ಕಾರ್ಕಳ. ಅದೇ ತಾಲ್ಲೂಕಿನ ಕೌಡೂರಿನಲ್ಲಿ 1909ರ ಜೂನ್ 11ರಂದು ಹುಟ್ಟಿದವರು ಕೆ.ಎಸ್. ಹೆಗ್ಡೆ. ವಕೀಲಿಕೆಯಿಂದ ಸಂಸತ್ತಿಗೆ, ಅಲ್ಲಿಂದ ನ್ಯಾಯಪೀಠಕ್ಕೆ, ಮತ್ತೆ ಮತ ಕೇಳಿ ಸಂಸತ್ತಿಗೆ ನಡೆದ ಇಂಥ ಬದುಕು ದೇಶದಲ್ಲೇ ಅಪರೂಪ.

ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು, ಮುಂದೆ ಸರ್ಕಾರಿ ವಕೀಲರೂ ಆದರು. ದಕ್ಷಿಣ ಕನ್ನಡ ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲ. 1952ರಲ್ಲಿ ಅಲ್ಲಿಂದಲೇ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟು.

ಅವರ ಹೆಸರು ಕೇಳಿದಾಗಲೆಲ್ಲ ನನ್ನ ಮನಸ್ಸು ಹೋಗುವುದು 1973ರ ಏಪ್ರಿಲ್‌ಗೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳು 68 ದಿನ ಕೇಳಿದ್ದರು. 24ರಂದು 7-6ರ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳು ಮಂದಿಯಲ್ಲಿ ಹೆಗ್ಡೆ ಒಬ್ಬರು. ಮರುದಿನವೇ ಸರ್ಕಾರ ಶೇಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನೂ ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಸುಮ್ಮನಿದ್ದಿದ್ದರೆ ನಿವೃತ್ತಿಯವರೆಗೆ ಕುರ್ಚಿಯೂ ಗೌರವವೂ ಇರುತ್ತಿದ್ದವು. ಅದನ್ನು ಬಿಟ್ಟು ಎದ್ದದ್ದಕ್ಕೇ ನನಗೆ ಅವರು ದೊಡ್ಡವರು.

1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ಇಲ್ಲಿಂದ ಮುಂದಿನದು ನಮ್ಮ ಜಿಲ್ಲೆಯ ಕಥೆಯೂ ಹೌದು. ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು, ಅವರೂ ವಕೀಲರೇ, 1978ರಲ್ಲಿ ಚಿಕ್ಕಮಗಳೂರು ಕ್ಷೇತ್ರ ಬಿಟ್ಟುಕೊಟ್ಟರು. ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದರು. ಹೆಗ್ಡೆಯವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿಸಿದ ಸರ್ಕಾರದ ಪ್ರಧಾನಿ ಈಗ ಅವರೇ ಸ್ಪೀಕರ್ ಆಗಿದ್ದ ಸದನದ ಸದಸ್ಯೆ. ಡಿಸೆಂಬರ್ 19ರಂದು ಹಕ್ಕುಚ್ಯುತಿಗಾಗಿ ಸದನ ಇಂದಿರಾರನ್ನು ಉಚ್ಚಾಟಿಸಿತು. ನಮ್ಮ ಮತದಾರರ ಆಯ್ಕೆಯನ್ನು ತಿಂಗಳೆರಡು ತುಂಬುವ ಮೊದಲೇ ಅಳಿಸಿದ್ದು ನನಗಂತೂ ಸರಿ ಕಾಣುವುದಿಲ್ಲ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಚಂದ್ರೇಗೌಡರೂ 1983ರಲ್ಲಿ ನಮ್ಮ ವಿಧಾನಸಭೆಯ ಸ್ಪೀಕರ್ ಆದರು.

ಹೆಗ್ಡೆ 1990ರಲ್ಲಿ ತೀರಿಕೊಂಡರು. ಮಗ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ, ಆಮೇಲೆ ಲೋಕಾಯುಕ್ತರಾಗಿ ಗಣಿ ಅಕ್ರಮದ ವರದಿ ಕೊಟ್ಟವರು. ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ಹೆಗ್ಡೆ ಶುರುಮಾಡಿದ ನಿಟ್ಟೆ ವಿದ್ಯಾಸಂಸ್ಥೆಗೆ ಘಟ್ಟದ ಮೇಲಿನ ಮಕ್ಕಳೂ ಓದಲು ಇಳಿಯುತ್ತಾರೆ.